ಪೊರಕೆ ಹಿಡಿದು ಬಂದ ಸಂತ

ಅಸ್ಸಿಸಿಯ ಸಂತ ಫ್ರಾನ್ಸಿಸರೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಹಕ್ಕಿಗಳಿಗೆ ಬೋಧಿಸುವ ಬಡ ಸನ್ಯಾಸಿಯ ಚಿತ್ರ. ಪರಮಪವಿತ್ರನಾದ ದೇವರ ಸನ್ನಿಧಿಯಲ್ಲಿ ಭಯಭಕ್ತಿಯಿಂದ ನಡುಗುತ್ತಿದ್ದ ಫ್ರಾನ್ಸಿಸರನ್ನು ನಾವು ಅಷ್ಟಾಗಿ ಬಲ್ಲವರಲ್ಲ.

ಸುಮಾರು 1182ರಲ್ಲಿ ಇಟಲಿಯ ಅಸ್ಸಿಸಿಯಲ್ಲಿ ಶ್ರೀಮಂತ ಬಟ್ಟೆ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದ ಅವರು ಯೌವನದಲ್ಲಿ ವಿಲಾಸಪ್ರಿಯರು. ಯುದ್ಧಕ್ಕೆ ಹೋಗಿ ಸೆರೆಸಿಕ್ಕವರು. ಕುಷ್ಠರೋಗಿಗಳ ಸೇವೆ ಹಾಗೂ ಸಂತ ದಮಿಯಾನೊ ದೇವಾಲಯದ ಶಿಲುಬೆಯ ಮುಂದಿನ ಪ್ರಾರ್ಥನೆ ಅವರ ಬಾಳನ್ನು ತಿರುಗಿಸಿದವು. ತಂದೆಯ ಸಿರಿಯನ್ನು ತೊರೆದು, ಶಿಥಿಲಗೊಂಡಿದ್ದ ಆ ದೇವಾಲಯವನ್ನು ತಾವೇ ಕಲ್ಲು ಹೊತ್ತು ದುರಸ್ತಿ ಮಾಡಿದರು.

ಆ ಕಾಲದ ಎಷ್ಟೋ ಗುಡಿಗಳಲ್ಲಿ ಧೂಳು ತುಂಬಿತ್ತು, ಬಲಿಪೀಠದ ವಸ್ತ್ರಗಳು ಕೊಳೆತಿದ್ದವು. ಪರಮಪ್ರಸಾದಕ್ಕೆ ಬೀಗವಿರಬೇಕು, ಪೂಜಾಪಾತ್ರೆಗಳು ಶುಚಿಯಾಗಿರಬೇಕು ಎಂದು 1215ರ ಲ್ಯಾಟೆರನ್ ಮಹಾಸಭೆಯೇ ವಿಧಿಸಬೇಕಾಯಿತೆಂದರೆ ಅಲಕ್ಷ್ಯ ಎಷ್ಟಿತ್ತೆಂಬುದನ್ನು ಊಹಿಸಬಹುದು. ಯಾಜಕರ ದೋಷಗಳನ್ನು ಕಂಡು ಧರ್ಮಸಭೆಯನ್ನೇ ಧಿಕ್ಕರಿಸಿ ಹೊರನಡೆದವರು ಆಗ ಹಲವರಿದ್ದರು. ಫ್ರಾನ್ಸಿಸರು ಪೊರಕೆ ಕೈಗೆತ್ತಿಕೊಂಡರು. ಬೋಧನೆಗೆ ಹೊರಟಾಗ ಅದನ್ನೂ ಒಯ್ದು, ಸಿಕ್ಕ ಸಿಕ್ಕ ದೇವಾಲಯಗಳನ್ನು ಗುಡಿಸುತ್ತಿದ್ದರು. ಬೋಧನೆ ಮುಗಿದ ಮೇಲೆ ಯಾಜಕರನ್ನು ಮಾತ್ರ ಒಂದೆಡೆ ಕರೆದು, ಜನರ ಕಿವಿಗೆ ಬೀಳದಂತೆ ಬಲಿಪೀಠದ ಶುಚಿತ್ವದ ಬಗ್ಗೆ ವಿನಯದಿಂದ ತಿಳಿಹೇಳುತ್ತಿದ್ದರು. ಪಾಪಿಯೆನಿಸಿದ ಯಾಜಕನ ಕೈಗೂ ಅವರು ಮುತ್ತಿಡುತ್ತಿದ್ದರು, ಅದು ಪ್ರಭುವಿನ ದೇಹವನ್ನು ಮುಟ್ಟುವ ಕೈಯಾದ್ದರಿಂದ. ಇದು ನಮಗೆ ಸುಲಭವಲ್ಲ.

ಒಮ್ಮೆ ಅವರು ಹೀಗೆ ಗುಡಿಸುತ್ತಿರುವ ಸುದ್ದಿ ಕೇಳಿ, ಹೊಲ ಉಳುತ್ತಿದ್ದ ಜಾನ್ ಎಂಬ ರೈತ ಓಡಿ ಬಂದ. ಅವರ ಕೈಯಿಂದ ಪೊರಕೆ ತೆಗೆದುಕೊಂಡು ಉಳಿದದ್ದನ್ನು ತಾನೇ ಗುಡಿಸಿದ. ಬಳಿಕ ಅವರ ಶಿಷ್ಯನಾದ. ಫ್ರಾನ್ಸಿಸರು ಮೊಣಕಾಲೂರಿದರೆ ತಾನೂ ಊರುವನು, ಕೆಮ್ಮಿದರೆ ತಾನೂ ಕೆಮ್ಮುವನು! ನಗು ಬರುವ ಈ ಮುಗ್ಧನನ್ನು, ಅವನ ಮರಣಾನಂತರ, ಫ್ರಾನ್ಸಿಸರು ಸಂತನೆಂದೇ ಕರೆದರು.

ತಮ್ಮ ಮೈಮೇಲೆ ತೇಪೆ ಹಚ್ಚಿದ ಅಂಗಿಯಾದರೂ ಪರಮಪ್ರಸಾದಕ್ಕೆ ಮಾತ್ರ ಬೆಲೆಬಾಳುವ ಪಾತ್ರೆಗಳೇ ಬೇಕೆಂಬುದು ಅವರ ಹಟ. ಬಡತನವನ್ನೇ ವರಿಸಿದ್ದವರು ಇಲ್ಲಿ ಸಡಿಲಬಿಟ್ಟರು. ಅವರು ಸೇವಾದರ್ಶಿಯಾಗಿಯೇ ಉಳಿದರು, ಯಾಜಕದೀಕ್ಷೆ ಪಡೆಯಲೇ ಇಲ್ಲ. ಆ ಪದವಿಗೆ ತಾವು ಯೋಗ್ಯರಲ್ಲವೆಂಬ ಭಾವವೇ ಕಾರಣವೆಂದು ಪರಂಪರೆ ನಂಬುತ್ತದೆ.

1226ರ ಅಕ್ಟೋಬರ್ 3ರ ಸಂಜೆ, ಬಹುಮಟ್ಟಿಗೆ ಕುರುಡರಾಗಿದ್ದ ಅವರು ಅಸ್ಸಿಸಿಯ ಬಳಿಯ ಪೊರ್ಸಿಯುಂಕುಲದಲ್ಲಿ ಕೊನೆಯುಸಿರೆಳೆದರು. ಅದೇ ವರ್ಷ ಬರೆಯಿಸಿದ್ದ ಅಂತಿಮ ಪತ್ರದಲ್ಲಿ ಅವರು ಸಹೋದರರಿಗೆ ಒಂದು ಸಣ್ಣ ಸಂಗತಿಯನ್ನು ಮರೆಯದೆ ಸೇರಿಸಿದ್ದರು: ಪ್ರಭುವಿನ ನಾಮ ಬರೆದ ಚೂರು ಹಾಳೆ ಎಲ್ಲಾದರೂ ಬಿದ್ದಿದ್ದರೆ, ಅದನ್ನು ಎತ್ತಿ ಯೋಗ್ಯ ಸ್ಥಳದಲ್ಲಿ ಇಡತಕ್ಕದ್ದು.