ಗ್ಯಾರಿ ಕಿಲ್ಡಾಲ್

ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆ ರಾಗಿ ಬೆಳೆಯುವ ಕೆಂಪು ಮಣ್ಣಿನ ಹೊಲಗಳುಂಟು. ಮಳೆ ಬಿದ್ದು ಭೂಮಿ ಹದವಾದೊಡನೆ ಅಲ್ಲಿ ಟ್ರ್ಯಾಕ್ಟರುಗಳು ಉಳುಮೆಗೆ ತೊಡಗುತ್ತವೆ. ಅದೇ ಟ್ರ್ಯಾಕ್ಟರು ಪಾಂಡವಪುರದ ನಾಲೆಯ ಬಯಲಿಗೆ ಬಂದು ಕೆಸರುಗದ್ದೆಗೆ ಇಳಿಯಬೇಕಾದರೆ ಅದಕ್ಕೆ ಕಬ್ಬಿಣದ ಗಾಲಿಗಳನ್ನು ಜೋಡಿಸುತ್ತಾರೆ. ಎಂಜಿನ್ ಬದಲಾಗುವುದಿಲ್ಲ, ಚಾಲಕನ ಕೈಯಲ್ಲಿರುವ ಚಕ್ರವೂ ಬದಲಾಗುವುದಿಲ್ಲ. ಮಣ್ಣನ್ನು ಮುಟ್ಟುವ ಭಾಗ ಮಾತ್ರ ಬದಲಾಗುತ್ತದೆ. ಒಂದೊಂದು ಊರಿನ ಮಣ್ಣಿಗೂ ಒಂದೊಂದು ಟ್ರ್ಯಾಕ್ಟರನ್ನು ಬುಡದಿಂದ ಕಟ್ಟಬೇಕಾಗಿದ್ದರೆ ಅದು ಎಷ್ಟು ಮಂದಿ ರೈತರಿಗೆ ದಕ್ಕುತ್ತಿತ್ತು? 1970ರ ದಶಕದಲ್ಲಿ ಆಗತಾನೆ ಹುಟ್ಟುತ್ತಿದ್ದ ಚಿಕ್ಕ ಗಣಕಯಂತ್ರಗಳ ಪಾಡು ಹೆಚ್ಚುಕಡಿಮೆ ಹೀಗೆಯೇ ಇದ್ದಿತು. ಆ ಪಾಡನ್ನು ತಪ್ಪಿಸಿದವರಲ್ಲಿ ಮೊದಲಿಗನು ಗ್ಯಾರಿ ಕಿಲ್ಡಾಲ್.

ಗ್ಯಾರಿ ಆರ್ಲೆನ್ ಕಿಲ್ಡಾಲ್ 1942ನೆಯ ಇಸವಿ ಮೇ 19ರಂದು ಅಮೆರಿಕದ ಸಿಯಾಟಲ್ ಎಂಬ ರೇವುಪಟ್ಟಣದಲ್ಲಿ ಜನಿಸಿದನು. ಕಿಲ್ಡಾಲ್ ಮನೆತನದವರು ಅಲ್ಲಿ ನಾವಿಕವಿದ್ಯೆಯ ಶಾಲೆಯೊಂದನ್ನು ನಡೆಸುತ್ತಿದ್ದರು. ಸುತ್ತಲೂ ನೀರಲ್ಲದೆ ಬೇರೇನೂ ಕಾಣದ ಕಡಲಿನ ನಡುವೆ, ಸೂರ್ಯ ನಕ್ಷತ್ರಗಳ ಎತ್ತರವನ್ನು ಅಳೆದು ಹಡಗು ಎಲ್ಲಿದೆಯೆಂದು ಲೆಕ್ಕಹಾಕುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಿದ್ದರು. ಗ್ಯಾರಿ ಶಾಲೆಯ ಪಾಠಗಳಲ್ಲಿ ಹೆಸರು ಮಾಡಿದ ಹುಡುಗನಲ್ಲ. ಮೋಟಾರು ಗಾಡಿಗಳನ್ನು ಬಿಚ್ಚಿ ಜೋಡಿಸುವುದು, ವಿದ್ಯುತ್ ಉಪಕರಣಗಳನ್ನು ಕೆದಕುವುದು ಅವನಿಗೆ ಪ್ರಿಯವಾದ ಕೆಲಸಗಳಾಗಿದ್ದವು. ಪ್ರೌಢಶಾಲೆಯನ್ನು ಮುಗಿಸಿದ ಮೇಲೆ ಕೆಲಕಾಲ ಮನೆತನದ ಶಾಲೆಯಲ್ಲಿಯೇ ಪಾಠ ಹೇಳಿದನು. ಕಲಿಸುವುದರಲ್ಲಿ ಅವನಿಗೆ ಸುಖವಿದ್ದಿತು. ಗಣಿತದ ಉಪಾಧ್ಯಾಯನಾಗಬೇಕೆಂಬ ಆಸೆಯಿಂದ ಅವನು ವಾಷಿಂಗ್ಟನ್ ವಿಶ್ವವಿದ್ಯಾನಿಲಯವನ್ನು ಸೇರಿದನು.

ಅಲ್ಲಿ ಗಣಕವು ಅವನ ಮನಸ್ಸನ್ನು ಸೆಳೆಯಿತು. ಆ ಕಾಲದ ಗಣಕವು ಕೋಣೆಯನ್ನೇ ತುಂಬುವಂತಹ ಯಂತ್ರ. ಅದರ ಬಳಿ ಕುಳಿತುಕೊಳ್ಳುವ ಸರದಿಗಾಗಿ ವಿದ್ಯಾರ್ಥಿಗಳು ಕಾಯಬೇಕಾಗಿತ್ತು. ಅಷ್ಟರಲ್ಲಿ ವಿಯಟ್ನಾಂ ಯುದ್ಧವು ನಡೆಯುತ್ತಿದ್ದುದರಿಂದ ತರುಣರು ಸೈನ್ಯದ ಸೇವೆಗೆ ಹೋಗಲೇಬೇಕಾಗಿ ಬಂದಿತು. ನೌಕಾದಳವನ್ನು ಸೇರಿದ ಕಿಲ್ಡಾಲನು ಯುದ್ಧನೌಕೆಗೆ ಹೋಗುವುದಕ್ಕೆ ಬದಲಾಗಿ ಕ್ಯಾಲಿಫೋರ್ನಿಯದ ಮಾಂಟೆರೇ ಎಂಬಲ್ಲಿದ್ದ ನೌಕಾದಳದ ಸ್ನಾತಕೋತ್ತರ ವಿದ್ಯಾಲಯದಲ್ಲಿ ಅಧ್ಯಾಪಕನಾದನು. ಉಪಾಧ್ಯಾಯನಾಗುವ ಆಸೆ ಹೀಗೆ ಅನಿರೀಕ್ಷಿತವಾಗಿ ಕೈಗೂಡಿತು. 1972ರಲ್ಲಿ ಡಾಕ್ಟರೇಟ್ ಪದವಿಯೂ ದೊರೆಯಿತು. ಕ್ರಮವಿಧಿಗಳನ್ನು ಯಂತ್ರಕ್ಕೆ ಹಗುರವಾಗುವಂತೆ ತಿದ್ದುವ ಬಗೆಯನ್ನು ಕುರಿತು ಅವನು 1973ರಲ್ಲಿ ಪ್ರಕಟಿಸಿದ ಲೇಖನವನ್ನು ಗಣಕವಿಜ್ಞಾನದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ.

1971ರ ಕೊನೆಯಲ್ಲಿ ಇಂಟೆಲ್ ಎಂಬ ಸಂಸ್ಥೆಯು 4004 ಎಂಬ ಪುಟ್ಟ ಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಪ್ರೊಸೆಸರ್ ಎಂದರೆ ಗಣಕದ ಲೆಕ್ಕಗಳನ್ನೆಲ್ಲ ಮಾಡುವ, ಆಜ್ಞೆಗಳನ್ನು ಪಾಲಿಸುವ ಅಂಗ. ಉಗುರಿನಗಲದ ಸಿಲಿಕಾನ್ ಚೂರಿನಲ್ಲಿ ಅದನ್ನು ಅಡಗಿಸಿ 25 ಡಾಲರಿಗೆ ಕೊಡುವುದಾಗಿ ಜಾಹೀರಾತು ಬಂದಿತು. ಅದನ್ನು ಕಂಡ ಕಿಲ್ಡಾಲನಿಗೆ ಮನೆತನದ ಶಾಲೆಯ ನೆನಪಾಯಿತು. ಹಡಗಿನ ನೆಲೆಯನ್ನು ತಾನಾಗಿಯೇ ಲೆಕ್ಕಹಾಕುವ ಯಂತ್ರವೊಂದು ಸಿಕ್ಕರೆ ಎಷ್ಟು ಚೆನ್ನ ಎಂಬ ಆಸೆ ತಂದೆಗೆ ಇದ್ದಿತು. ಆ ಪುಟ್ಟ ಚೂರಿನಿಂದ ಅಂತಹ ಲೆಕ್ಕ ಮಾಡಿಸಲು ಮಗನು ಹೊರಟನು. ಕೆಲಸವು ಸುಲಭವಾಗಿರಲಿಲ್ಲ, ಕೂಡುವ ಕಳೆಯುವ ಸಾಧಾರಣ ಲೆಕ್ಕವನ್ನೂ ಅದಕ್ಕೆ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಹೇಳಬೇಕಾಗಿತ್ತು. ಆದರೆ ಈ ಸಾಹಸದಿಂದ ಇಂಟೆಲ್ ಸಂಸ್ಥೆಯ ಪರಿಚಯವಾಯಿತು. ವಿದ್ಯಾಲಯದ ಪಾಠಗಳ ಬಿಡುವಿನಲ್ಲಿ ಅವನು ಆ ಸಂಸ್ಥೆಗೆ ಸಲಹೆಗಾರನಾಗಿ, ಪ್ರೊಸೆಸರುಗಳಿಗೆ ಆಜ್ಞೆ ಬರೆಯುವುದನ್ನು ಸುಲಭಗೊಳಿಸುವ ಪಿಎಲ್/ಎಂ ಎಂಬ ಭಾಷೆಯನ್ನು ರಚಿಸಿಕೊಟ್ಟನು.

ಬರೆದ ಕ್ರಮವಿಧಿಯನ್ನು ಇಡುವುದಾದರೂ ಎಲ್ಲಿ? ಆಗ ಬಳಕೆಯಲ್ಲಿದ್ದುದು ತೂತು ಹೊಡೆದ ಕಾಗದದ ಪಟ್ಟಿ. ಟೆಲಿಟೈಪ್ ಯಂತ್ರವು ಅದನ್ನು ಸೆಕೆಂಡಿಗೆ ಹತ್ತು ಅಕ್ಷರಗಳಂತೆ ಓದುತ್ತಿತ್ತು. ಅದೇ ಸುಮಾರಿನಲ್ಲಿ ಫ್ಲಾಪಿ ಡಿಸ್ಕ್ ಎಂಬ ಹೊಸ ಸಾಧನ ಬಂದಿತು. ಎಂಟು ಅಂಗುಲದ ಆ ತೆಳುವಾದ ತಟ್ಟೆಯಲ್ಲಿ ಸುಮಾರು ಎರಡೂವರೆ ಲಕ್ಷ ಅಕ್ಷರಗಳು ಹಿಡಿಸುತ್ತಿದ್ದವು. ಅಷ್ಟನ್ನು ಕಾಗದದ ಪಟ್ಟಿಯಿಂದ ಓದಿಸಬೇಕಾಗಿದ್ದರೆ ಏಳು ಗಂಟೆಗಳ ಕಾಲ ಹಿಡಿಯುತ್ತಿತ್ತು. ಬಳಸಿ ಹಳತಾದ ಫ್ಲಾಪಿ ಯಂತ್ರವೊಂದು ಕಿಲ್ಡಾಲನಿಗೆ ದೊರೆಯಿತು. ಆದರೆ ಅದನ್ನು ಗಣಕಕ್ಕೆ ಜೋಡಿಸುವ ನಿಯಂತ್ರಕವಿರಲಿಲ್ಲ. ತಾನೇ ಕಟ್ಟಲು ಹೋಗಿ ಸೋತನು. ಕೊನೆಗೆ ಗೆಳೆಯನಾದ ಜಾನ್ ಟೊರೋಡ್ ಎಂಬ ಎಂಜಿನಿಯರನು ಅದನ್ನು ಕಟ್ಟಿಕೊಟ್ಟನು. 1974ರಲ್ಲಿ ಪೆಸಿಫಿಕ್ ಗ್ರೋವ್ ಎಂಬ ಸಣ್ಣ ಊರಿನ ಕಿಲ್ಡಾಲನ ಮನೆಯಲ್ಲಿ ತಟ್ಟೆ ತಿರುಗಿತು; ಗಣಕವು ಅದರಿಂದ ತನ್ನ ಆಜ್ಞೆಗಳನ್ನು ತಾನೇ ಓದಿಕೊಂಡು, ಮುಂದೇನು ಮಾಡಲಿ ಎಂದು ಕೇಳುವಂತೆ ಸಣ್ಣ ಗುರುತೊಂದನ್ನು ಮೂಡಿಸಿತು.

ಹೀಗೆ ಹುಟ್ಟಿದುದೇ ಸಿಪಿ/ಎಂ. ಇಂತಹ ಕ್ರಮವಿಧಿಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಕಾರ್ಯನಿರ್ವಹಣಾ ವ್ಯವಸ್ಥೆ ಎನ್ನಬಹುದು. ಕಡತಗಳನ್ನು ತಟ್ಟೆಯಲ್ಲಿ ಎಲ್ಲಿ ಇಡಬೇಕು, ಹೇಗೆ ಹುಡುಕಬೇಕು, ಬಳಸುವವನು ಕೇಳಿದ ಕ್ರಮವಿಧಿಯನ್ನು ಸ್ಮೃತಿಗೆ ತಂದು ಹೇಗೆ ನಡೆಸಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವುದು ಅದರ ಕೆಲಸ. ಇಂಟೆಲ್ ಸಂಸ್ಥೆಯು ಪಿಎಲ್/ಎಂ ಭಾಷೆಯನ್ನು ಕೊಂಡಿತೇ ಹೊರತು ಸಿಪಿ/ಎಂ ಅನ್ನು ಬಯಸಲಿಲ್ಲ. ಕಿಲ್ಡಾಲನು ಅದನ್ನು ತನ್ನಲ್ಲಿಯೇ ಉಳಿಸಿಕೊಂಡನು. ಪತ್ನಿ ಡೊರೊಥಿಯೊಡನೆ ಅವನು ಹೂಡಿದ ಸಂಸ್ಥೆಯೇ ಮುಂದೆ ಡಿಜಿಟಲ್ ರಿಸರ್ಚ್ ಎಂದು ಪ್ರಸಿದ್ಧವಾಯಿತು. ವ್ಯವಹಾರದ ಹೊರೆಯನ್ನು ಹೊತ್ತವಳು ಡೊರೊಥಿ.

ಅಷ್ಟರಲ್ಲಿ ಚಿಕ್ಕ ಗಣಕಗಳನ್ನು ಕಟ್ಟುವ ಸಂಸ್ಥೆಗಳು ನಾಯಿಕೊಡೆಗಳಂತೆ ಎದ್ದವು. ಹಲವರ ಪ್ರೊಸೆಸರು ಇಂಟೆಲ್ 8080 ಅಥವಾ ಅದರ ಭಾಷೆಯನ್ನು ಬಲ್ಲ ಝಡ್80. ಆದರೆ ಒಬ್ಬನ ಕೀಲಿಮಣೆಯ ಜೋಡಣೆ ಇನ್ನೊಬ್ಬನದರಂತಿರಲಿಲ್ಲ. ಒಬ್ಬನ ತಟ್ಟೆಯ ನಿಯಂತ್ರಕಕ್ಕೆ ಕೊಡಬೇಕಾದ ಸಂಜ್ಞೆ ಇನ್ನೊಬ್ಬನದಕ್ಕೆ ತಿಳಿಯುತ್ತಿರಲಿಲ್ಲ. ಬಂದ ಬಂದ ಗಣಕಕ್ಕೆಲ್ಲ ಕಿಲ್ಡಾಲನು ಸಿಪಿ/ಎಂ ಅನ್ನು ತೆರೆದು, ಅಲ್ಲಲ್ಲಿ ಹುದುಗಿದ್ದ ಆಜ್ಞೆಗಳನ್ನು ಹುಡುಕಿ ತಿದ್ದಬೇಕಾಯಿತು. ಇಮ್ಸಾಯ್ ಎಂಬ ಗಣಕ ಸಂಸ್ಥೆಯು ತನ್ನ ಯಂತ್ರಕ್ಕೂ ಅದನ್ನು ಹೊಂದಿಸಿಕೊಡಬೇಕೆಂದು ಕೇಳಿದಾಗ ಅವನಿಗೆ ಈ ಕೆಲಸ ಬೇಸರ ತಂದಿತು. ಜಾಣನ ಬೇಸರದಿಂದಲೂ ಲೋಕಕ್ಕೆ ಲಾಭವಾಗುವುದುಂಟು. ಯಂತ್ರದಿಂದ ಯಂತ್ರಕ್ಕೆ ಬದಲಾಗುವುದು ಯಾವುದು, ಎಲ್ಲೆಡೆಯೂ ಒಂದೇ ಆಗಿರುವುದು ಯಾವುದು ಎಂದು ಅವನು ಬಿಡಿಸಿ ನೋಡಿದನು. ಬದಲಾಗುವ ಭಾಗವು ಬಹಳ ಚಿಕ್ಕದಾಗಿತ್ತು. ಒತ್ತಿದ ಕೀಲಿಯ ಅಕ್ಷರವನ್ನು ತಂದುಕೊಡುವುದು, ಪರದೆಗೆ ಒಂದು ಅಕ್ಷರವನ್ನು ಕಳುಹಿಸುವುದು, ತಟ್ಟೆಯಲ್ಲಿ ಇಂತಹ ಸಾಲಿನ ಇಂತಹ ತುಂಡಿಗೆ ಹೋಗುವುದು, ಅದನ್ನು ಓದುವುದು, ಬರೆಯುವುದು. ಇಂತಹ ಹದಿನೈದಿಪ್ಪತ್ತಕ್ಕೆ ಮೀರದ ಸಣ್ಣ ಕೆಲಸಗಳು. ಅವನ್ನೆಲ್ಲ ಒಂದೆಡೆ ಸೇರಿಸಿ ಬಯಾಸ್ ಎಂದು ಹೆಸರಿಟ್ಟನು. ಉಳಿದ ದೊಡ್ಡ ಭಾಗವು ಯಂತ್ರದ ಸಾಧನಗಳನ್ನು ನೇರವಾಗಿ ಮುಟ್ಟುವಂತಿಲ್ಲ; ಏನು ಬೇಕಾದರೂ ಬಯಾಸನ್ನೇ ಕೇಳಬೇಕು. ಟ್ರ್ಯಾಕ್ಟರಿನ ಗಾಲಿ ಎಂಜಿನ್ನಿನಿಂದ ಬೇರೆಯಾದಂತೆ ಆಯಿತು.

ಹೊಸ ಗಣಕಕ್ಕೆ ಸಿಪಿ/ಎಂ ಅನ್ನು ಹೊಂದಿಸುವ ಕೆಲಸವನ್ನು ಇನ್ನು ಕಿಲ್ಡಾಲನೇ ಮಾಡಬೇಕಾಗಿರಲಿಲ್ಲ. ಗಣಕವನ್ನು ಕಟ್ಟಿದವನು ಕೈಪಿಡಿಯಲ್ಲಿದ್ದ ಮಾದರಿಯನ್ನು ನೋಡಿ ತನ್ನ ಯಂತ್ರಕ್ಕೆ ತಕ್ಕ ಬಯಾಸನ್ನು ಬರೆಯುತ್ತಿದ್ದನು. ಯಂತ್ರದ ಸ್ಮೃತಿ ಎಷ್ಟು ದೊಡ್ಡದೆಂಬುದನ್ನು ತಿಳಿಸಿದರೆ, ವ್ಯವಸ್ಥೆಯನ್ನು ಆ ಸ್ಮೃತಿಯ ಮೇಲ್ತುದಿಗೆ ಸರಿಸಿಕೊಡುವ ಕ್ರಮವಿಧಿಯೊಂದು ಜೊತೆಯಲ್ಲಿಯೇ ಬರುತ್ತಿತ್ತು. ಕೆಳಗಿನ ಜಾಗವೆಲ್ಲ ಬಳಸುವವನ ಕೆಲಸಕ್ಕೆ ಬಿಡುವಾಗಿ ಉಳಿಯುತ್ತಿತ್ತು. ಆಮೇಲೆ ತಾನು ಬರೆದ ಬಯಾಸನ್ನು ಅದಕ್ಕೆ ಕಸಿಮಾಡಿ, ಇನ್ನೊಂದು ಕ್ರಮವಿಧಿಯಿಂದ ಎಲ್ಲವನ್ನೂ ತಟ್ಟೆಯ ಮೊದಲ ಎರಡು ಸಾಲುಗಳಲ್ಲಿ ಅಚ್ಚೊತ್ತಬೇಕು. ಒಂದೇ ಒಂದು ಸಂಖ್ಯೆ ತಪ್ಪಿದರೂ ಗಣಕವು ಮಾತನಾಡದೆ ಕುಳಿತುಬಿಡುತ್ತಿತ್ತು, ತಪ್ಪೆಲ್ಲಿದೆಯೆಂದು ಹೇಳುವವರಿರಲಿಲ್ಲ. ಆದರೆ ಸರಿಯಾಗಿ ಹೊಂದಿಕೊಂಡಿತೆಂದರೆ, ಬೇರೊಂದು ಗಣಕದಲ್ಲಿ ಬರೆದ ಕ್ರಮವಿಧಿಯೂ ಅದರಲ್ಲಿ ನಡೆಯುತ್ತಿತ್ತು. ಈ ಲಾಭ ಸಾಮಾನ್ಯವಾದುದಲ್ಲ. ವರ್ಡ್‌ಸ್ಟಾರ್‌ನಂತಹ ಬರವಣಿಗೆಯ ಕ್ರಮವಿಧಿಯನ್ನು ಒಮ್ಮೆ ಬರೆದು ನೂರಾರು ಬಗೆಯ ಗಣಕಗಳಿಗೆ ಮಾರಲು ಸಾಧ್ಯವಾಯಿತು. ಇಮ್ಸಾಯ್ ಸಂಸ್ಥೆಯು 1977ರಲ್ಲಿ 25,000 ಡಾಲರುಗಳನ್ನು ತೆತ್ತು ಸಿಪಿ/ಎಂನ ಹಕ್ಕನ್ನು ಪಡೆಯಿತು. ಹವ್ಯಾಸಿಗಳಿಗೆ ಅದು ಅಂಚೆಯ ಮೂಲಕ 70 ಡಾಲರಿಗೆ ದೊರೆಯುತ್ತಿತ್ತು.

ಈ ವಿಂಗಡಣೆ ಕಿಲ್ಡಾಲನೊಬ್ಬನ ಸೊತ್ತು ಎನ್ನಲಾಗದು. ಬೆಲ್ ಪ್ರಯೋಗಾಲಯದವರು ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಒಂದು ಜಾತಿಯ ಯಂತ್ರದಿಂದ ಇನ್ನೊಂದಕ್ಕೆ ಒಯ್ಯುವ ಯತ್ನವನ್ನು ಅದೇ ದಶಕದಲ್ಲಿ ನಡೆಸಿದ್ದರು. ಯೂನಿಕ್ಸಿನ ಮಾದರಿಯಲ್ಲಿ 1991ರಲ್ಲಿ ಹುಟ್ಟಿದ ಲಿನಕ್ಸಿನ ತಿರುಳಿಗೆ ಕರ್ನಲ್ ಎಂದು ಹೆಸರು. ಅದರ ಮೂಲಪಾಠದಲ್ಲಿ ಒಂದೊಂದು ಜಾತಿಯ ಪ್ರೊಸೆಸರಿಗೂ ಒಂದೊಂದು ಪ್ರತ್ಯೇಕ ವಿಭಾಗವುಂಟು. ಯಾವ ಪ್ರೊಸೆಸರು, ಯಾವ ಯಾವ ಸಾಧನಗಳು ಎಂದು ಮೊದಲು ಗುರುತುಮಾಡಿ, ಬೇಕಾದುದನ್ನು ಇರಿಸಿಕೊಂಡು ಬೇಡವಾದುದನ್ನು ಬಿಟ್ಟು ತಿರುಳನ್ನು ಕಟ್ಟಿಕೊಳ್ಳುತ್ತಾರೆ. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಕೂಡಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕವನ್ನು ಹೊರತಂದಾಗ ಮಾಡಿದುದು ಇದನ್ನೇ. ಇಂಟೆಲ್ 386 ಪ್ರೊಸೆಸರಿಗಾಗಿ ಮೊದಲು ಬರೆದ ಲಿನಕ್ಸನ್ನು ಅವರು ಸ್ಟ್ರಾಂಗ್‌ಆರ್ಮ್ ಎಂಬ, ಕಡಮೆ ವಿದ್ಯುತ್ತನ್ನು ಬೇಡುವ ಬೇರೊಂದು ಜಾತಿಯ ಪ್ರೊಸೆಸರಿನಲ್ಲಿ ನಡೆಸಿದರು. ಓದು ಬಾರದ ಹಳ್ಳಿಗನಿಗೂ ಕನ್ನಡದ ಬರಹವನ್ನು ಗಟ್ಟಿಯಾಗಿ ಓದಿಹೇಳಬೇಕೆಂಬುದು ಆ ಯಂತ್ರದ ಉದ್ದೇಶಗಳಲ್ಲೊಂದಾಗಿತ್ತು.

ಕಿಲ್ಡಾಲನ ಕಥೆಗೆ ಮರಳೋಣ. ಬಯಾಸ್ ಎಷ್ಟೇ ಜಾಣತನದ್ದಾದರೂ ಒಂದು ಕಷ್ಟವನ್ನು ಅದು ಪರಿಹರಿಸುವಂತಿರಲಿಲ್ಲ. ಸಾಧನಗಳು ಬದಲಾದರೆ ಬಯಾಸ್ ಸಾಕು. ಪ್ರೊಸೆಸರಿನ ಭಾಷೆಯೇ ಬದಲಾದರೆ? ಇಂಟೆಲ್ ಹೊಸದಾಗಿ ತಂದ 8086 ಪ್ರೊಸೆಸರಿಗೆ 8080ರ ಆಜ್ಞೆಗಳು ತಿಳಿಯುತ್ತಿರಲಿಲ್ಲ. ಈಗ ಗಾಲಿಯನ್ನಲ್ಲ, ಎಂಜಿನ್ನನ್ನೇ ಮರಳಿ ಕಟ್ಟಬೇಕಾಗಿತ್ತು. ಆ ಕೆಲಸ ಡಿಜಿಟಲ್ ರಿಸರ್ಚಿನಲ್ಲಿ ನಿಧಾನವಾಗಿ ಸಾಗಿತು. ಕಾಯಲಾರದ ಟಿಮ್ ಪ್ಯಾಟರ್ಸನ್ ಎಂಬ ತರುಣ ಎಂಜಿನಿಯರನು ಸಿಯಾಟಲ್‌ನಲ್ಲಿಯೇ, ಸಿಪಿ/ಎಂನ ಕೈಪಿಡಿಯನ್ನು ಅನುಸರಿಸಿ 8086ಕ್ಕೆ ಒಗ್ಗುವ ವ್ಯವಸ್ಥೆಯೊಂದನ್ನು ಬರೆದುಬಿಟ್ಟನು.

1980ರಲ್ಲಿ ಐಬಿಎಂ ಎಂಬ ದೈತ್ಯ ಸಂಸ್ಥೆಯು ತಾನೂ ಚಿಕ್ಕ ಗಣಕವನ್ನು ಮಾಡಲು ನಿಶ್ಚಯಿಸಿ, ಅದಕ್ಕೊಂದು ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ಅರಸುತ್ತ ಪೆಸಿಫಿಕ್ ಗ್ರೋವ್‌ಗೆ ತನ್ನವರನ್ನು ಕಳುಹಿಸಿತು. ಆ ಬೆಳಗ್ಗೆ ಕಿಲ್ಡಾಲನು ವ್ಯವಹಾರದ ಮೇಲೆ ತನ್ನ ಪುಟ್ಟ ವಿಮಾನದಲ್ಲಿ ಬೇರೆಡೆಗೆ ಹೋಗಿದ್ದನು. ಮಾತುಕತೆಗೆ ಮೊದಲೇ ಗೋಪ್ಯತೆಯ ಒಪ್ಪಂದಕ್ಕೆ ಸಹಿಹಾಕಬೇಕೆಂದು ಬಂದವರು ಕೇಳಿದಾಗ ಡೊರೊಥಿಯೂ ವಕೀಲರೂ ಹಿಂಜರಿದರು. ಮಧ್ಯಾಹ್ನ ಅವನು ಹಿಂದಿರುಗಿದನು. ಆದರೂ ಒಪ್ಪಂದವು ಕುದುರಲಿಲ್ಲ. ಐಬಿಎಂ ಮೈಕ್ರೋಸಾಫ್ಟ್ ಸಂಸ್ಥೆಯತ್ತ ತಿರುಗಿತು; ಮೈಕ್ರೋಸಾಫ್ಟ್ ಪ್ಯಾಟರ್ಸನ್ನನ ವ್ಯವಸ್ಥೆಯನ್ನು ಕೊಂಡು ತಿದ್ದಿ ಕೊಟ್ಟಿತು. ಅದು ಕೊಡುತ್ತಿದ್ದ ಸೇವೆಗಳ ಕ್ರಮವು ಬಹುಮಟ್ಟಿಗೆ ಸಿಪಿ/ಎಂನದನ್ನೇ ಹೋಲುತ್ತಿತ್ತು. ಕಿಲ್ಡಾಲನು ಆಕ್ಷೇಪಿಸಿದನು. ಕ್ರಮವಿಧಿಗಳ ಒಡೆತನವನ್ನು ಕುರಿತ ಕಾನೂನು ಆಗಿನ್ನೂ ಸ್ಪಷ್ಟವಾಗಿರಲಿಲ್ಲ. ನ್ಯಾಯಾಲಯಕ್ಕೆ ಹೋಗುವುದರ ಬದಲು, ತನ್ನ ಸಿಪಿ/ಎಂ-86 ಅನ್ನೂ ಐಬಿಎಂ ಮಾರಬೇಕೆಂಬ ಒಪ್ಪಂದದಿಂದ ತೃಪ್ತನಾದನು. ಆದರೆ ಗಣಕವು ಅಂಗಡಿಗೆ ಬಂದ ಮೇಲೆ ನೋಡಿದರೆ, ಆ ಇನ್ನೊಂದು ವ್ಯವಸ್ಥೆಯ ಬೆಲೆ 40 ಡಾಲರು, ಸಿಪಿ/ಎಂ-86ರ ಬೆಲೆ 240 ಡಾಲರು. ಕೊಳ್ಳುವವನು ಯಾವುದನ್ನು ಕೊಂಡನೆಂದು ಹೇಳಬೇಕಾಗಿಲ್ಲ.

ವಿಮಾನದಲ್ಲಿ ವಿಹರಿಸಲು ಹೋಗಿ ಭಾಗ್ಯವನ್ನು ಕಳೆದುಕೊಂಡನೆಂಬ ಕಥೆ ಅಂದಿನಿಂದ ಹಬ್ಬಿತು. ಅದು ನಿಜವಲ್ಲವೆಂದು ಎಷ್ಟು ಹೇಳಿದರೂ ಜನರು ಕೇಳಲಿಲ್ಲ, ಕಥೆಯೇ ರುಚಿಯಾಗಿತ್ತು. ಕಿಲ್ಡಾಲನೇನೂ ಬಡವನಾಗಲಿಲ್ಲ, ಸುಮ್ಮನೆ ಕೂರಲೂ ಇಲ್ಲ. 1983ರಿಂದ ಹಲವು ವರ್ಷಗಳ ಕಾಲ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಹೊಸ ಹೊಸ ಗಣಕಗಳ ಮರ್ಮವನ್ನು ಮೇಷ್ಟರ ಸಮಾಧಾನದಿಂದ ಜನರಿಗೆ ವಿವರಿಸಿದನು. ವಿಶ್ವಕೋಶವೊಂದನ್ನು ಇಡಿಯಾಗಿ ಒಂದೇ ಸಿಡಿ ತಟ್ಟೆಯಲ್ಲಿ ಅಡಕಗೊಳಿಸಿದ ಕೆಲಸವೂ ಅವನ ಸಂಸ್ಥೆಯೊಂದರದು. 1991ರಲ್ಲಿ ಡಿಜಿಟಲ್ ರಿಸರ್ಚ್ ಸಂಸ್ಥೆಯು ನೋವೆಲ್ ಎಂಬ ಸಂಸ್ಥೆಗೆ ಮಾರಾಟವಾಯಿತು. ಆದರೆ ತಾನು ಮಾಡಿದ ಕೆಲಸಕ್ಕಿಂತ ತಾನು ಮಾಡದ ತಪ್ಪಿನಿಂದಲೇ ಜನರು ತನ್ನನ್ನು ಗುರುತಿಸುವುದು ಅವನ ಮನಸ್ಸನ್ನು ಕೊರೆಯುತ್ತಿತ್ತು. ನಡೆದುದನ್ನೆಲ್ಲ ಅವನು ಒಂದು ಆತ್ಮಕಥೆಯಲ್ಲಿ ಬರೆದಿಟ್ಟು ಬಂಧುಮಿತ್ರರಿಗೆ ಮಾತ್ರ ಕೊಟ್ಟನು.

1994ರ ಜುಲೈ ತಿಂಗಳಲ್ಲಿ ಮಾಂಟೆರೇಯಲ್ಲಿ ತಲೆಗೆ ಪೆಟ್ಟುಬಿದ್ದು, ಅದೇ ತಿಂಗಳ 11ರಂದು ಗ್ಯಾರಿ ಕಿಲ್ಡಾಲ್ ತೀರಿಕೊಂಡನು. ಆಗ ಅವನಿಗೆ 52 ವರ್ಷ. ಹುಟ್ಟಿದ ಊರಾದ ಸಿಯಾಟಲ್‌ನಲ್ಲಿ ಅವನನ್ನು ಸಮಾಧಿ ಮಾಡಿದರು. 2014ರಲ್ಲಿ ವಿದ್ಯುತ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯು ಪೆಸಿಫಿಕ್ ಗ್ರೋವ್‌ನ ಲೈಟ್‌ಹೌಸ್ ಬೀದಿಯಲ್ಲಿರುವ, ಹಿಂದೆ ಡಿಜಿಟಲ್ ರಿಸರ್ಚ್ ಕಚೇರಿಯಾಗಿದ್ದ ಹಳೆಯ ಮನೆಯ ಮುಂದೆ ಅವನ ಕೆಲಸವನ್ನು ನೆನೆಯುವ ಫಲಕವೊಂದನ್ನು ಸ್ಥಾಪಿಸಿತು. ಆತ್ಮಕಥೆಯ ಮೊದಲ ಭಾಗವನ್ನು ಮಕ್ಕಳ ಒಪ್ಪಿಗೆಯಿಂದ ಗಣಕಚರಿತ್ರೆಯ ವಸ್ತುಸಂಗ್ರಹಾಲಯವು 2016ರಲ್ಲಿ ಪ್ರಕಟಿಸಿತು.