ಒಂಬತ್ತು ಸುತ್ತುಗಳ ಋಣ

ಸರ್ಬಿಯನ್ ವಲಸಿಗರ ಮಗ ಬಿಲ್ ವುಕೊವಿಚ್ 1918ರಲ್ಲಿ ಜನಿಸಿ, ಕ್ಯಾಲಿಫೋರ್ನಿಯದ ಫ್ರೆಸ್ನೊ ಸೀಮೆಯಲ್ಲಿ ಬೆಳೆದ. ಎಳೆಯದರಲ್ಲೇ ತಂದೆಯನ್ನು ಕಳೆದುಕೊಂಡ. ಪುಟ್ಟ ಕಾರುಗಳ ಪಂದ್ಯಗಳಲ್ಲಿ ಪಳಗಿದ.

1952ರ ಇಂಡಿಯಾನಾಪೊಲಿಸ್ 500 ಮೈಲಿ ಪಂದ್ಯದ 200 ಸುತ್ತುಗಳಲ್ಲಿ 150ರಲ್ಲಿ ಆತನೇ ಮುಂದು. ಇನ್ನು ಒಂಬತ್ತೇ ಸುತ್ತು ಉಳಿದಿರಲು ಸ್ಟಿಯರಿಂಗ್ ಕೈಕೊಟ್ಟಿತು. ಗೆಲವು ಟ್ರಾಯ್ ರಟ್‌ಮನ್ ಪಾಲಾಯಿತು. ಮರುವರ್ಷ ಉರಿಬಿಸಿಲಿಗೆ ಎಷ್ಟೋ ಚಾಲಕರು ಬಸವಳಿದು ಬದಲಿಯವರಿಗೆ ಕಾರು ಒಪ್ಪಿಸಿದರು. ಕಾರ್ಲ್ ಸ್ಕಾರ್ಬರೊ ಅಂದೇ ತೀರಿಕೊಂಡ. ವುಕೊವಿಚ್ ಇಳಿಯಲಿಲ್ಲ. 195 ಸುತ್ತು ಮುಂದಿದ್ದು ಗೆದ್ದ. ಇದಕ್ಕೆ ಸಾಹಸವೆನ್ನಬೇಕೋ, ಹಟವೆನ್ನಬೇಕೋ! 1954ರಲ್ಲಿ 19ನೆಯ ಸ್ಥಾನದಿಂದ ಹೊರಟು ಮತ್ತೆ ಗೆದ್ದ.

1955ರ ಮೇ 30ರಂದು, ಮುಂಚೂಣಿಯಲ್ಲೇ ಇದ್ದಾಗ, 57ನೆಯ ಸುತ್ತಿನಲ್ಲಿ ಎದುರಿನ ಕಾರುಗಳು ಒಂದಕ್ಕೊಂದು ತೊಡರಿದವು. ನುಸುಳಲು ಎಡೆಯಿರಲಿಲ್ಲ. ಕಾರು ಗೋಡೆ ದಾಟಿ ಉರುಳಿ ಹೊತ್ತಿಕೊಂಡಿತು. ಆತನಿಗಾಗ 36 ವರ್ಷ. ಅದೇ ಹೆಸರಿನ ಮಗ 1973ರಲ್ಲಿ ಅಲ್ಲಿಯೇ ಎರಡನೆಯವನಾದ.