ಭಾರತದ ಫುಟ್‌ಬಾಲ್‌ಗೆ ಪಾಠ ಹೇಳಿದ ಶಾಲಾ ಮೇಷ್ಟ್ರು

ರೋಣ, ನರಗುಂದ, ಗಜೇಂದ್ರಗಡದ ಸೀಮೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಪಕ್ಕದ ಕುಷ್ಟಗಿ, ಯಲಬುರ್ಗಾಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಗಡಿಯ ಈಚೆಗೆ ಗರಡಿಮನೆ, ಕುಸ್ತಿ. ಆಚೆಯ ರಾಜಧಾನಿಯಲ್ಲಿ ಫುಟ್‌ಬಾಲ್ ಗೀಳು. ಆ ರಾಜಧಾನಿಯಲ್ಲಿ 1909ರ ಆಗಸ್ಟ್ 17ರಂದು ಜನಿಸಿದವರು ಸೈಯದ್ ಅಬ್ದುಲ್ ರಹೀಮ್.

ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ರಹೀಮ್ ವೃತ್ತಿಯಿಂದ ಶಾಲಾ ಶಿಕ್ಷಕರು. ಆಟಗಾರರಾಗಿ ಅವರು ಗಳಿಸಿದ ಹೆಸರು ಊರಿನ ಎಲ್ಲೆ ದಾಟಿದ್ದು ಕಡಿಮೆ. ಕೀರ್ತಿ ಬಂದದ್ದು ಮೈದಾನದ ಅಂಚಿನಲ್ಲಿ ನಿಂತ ಮೇಲೆ. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು.

ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುವುದೇ ಕೌಶಲ ಎಂದು ನಂಬಿದ್ದ ಕಾಲವದು. ರಹೀಮ್ ಅದನ್ನು ಒಪ್ಪಲಿಲ್ಲ. ಒಂದೇ ಸ್ಪರ್ಶದಲ್ಲಿ ಚೆಂಡು ಸಹ ಆಟಗಾರನಿಗೆ ತಲುಪಬೇಕು ಎಂಬುದು ಅವರ ಪಾಠ. ಬಲಗಾಲಿನ ಆಟಗಾರ ಎಡಗಾಲಿನಲ್ಲೂ ಒದೆಯಲು ಕಲಿಯಲೆಂದು ದುರ್ಬಲ ಕಾಲಿನಿಂದಲೇ ಆಡಬೇಕಾದ ಪಂದ್ಯಾವಳಿಗಳನ್ನು ನಡೆಸಿದರು. ಡ್ರಿಬ್ಲಿಂಗ್ ನಿಷೇಧಿಸಿದ ಪಂದ್ಯಾವಳಿಗಳೂ ಇದ್ದವು. ಮೇಷ್ಟ್ರ ಬುದ್ಧಿ ಎನ್ನಬೇಕು.

1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಅವರ ತಂಡ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಬೆಂಗಳೂರಿನ ಅಹಮದ್ ಖಾನ್ ಆ ತಂಡದಲ್ಲಿದ್ದರು. ಮರುವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಹಲವರು ಬರಿಗಾಲಿನಲ್ಲೇ ಆಡಿದರು. ಯುಗೊಸ್ಲಾವಿಯಾ ಎದುರು 1-10ರ ಸೋಲು. ಭಾರತದ ಏಕೈಕ ಗೋಲು ಅಹಮದ್ ಖಾನ್ ಅವರದು. ಆ ಅವಮಾನದ ಬಳಿಕ ಬೂಟು ಕಡ್ಡಾಯವಾಯಿತು.

ನಾಲ್ಕು ವರ್ಷಗಳ ನಂತರ ಮೆಲ್ಬರ್ನ್‌ನಲ್ಲಿ ಚಿತ್ರವೇ ಬೇರೆ. ನೆವಿಲ್ ಡಿಸೋಜಾ ಅವರ ಹ್ಯಾಟ್ರಿಕ್‌ನ ಬಲದಿಂದ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿ, ಒಲಿಂಪಿಕ್ ಫುಟ್‌ಬಾಲ್‌ನ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ರಾಷ್ಟ್ರವಾಯಿತು. ಮೈಸೂರು ಸೀಮೆಯ ಕೆಂಪಯ್ಯ ಆ ತಂಡದ ಆಟಗಾರರಲ್ಲೊಬ್ಬರು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಎದುರು ಸೋತು ಭಾರತ ನಾಲ್ಕನೇ ಸ್ಥಾನ ಪಡೆಯಿತು.

1960ರ ರೋಮ್ ಒಲಿಂಪಿಕ್ಸ್‌ಗೆ ಆಯ್ಕೆಯಾದವರಲ್ಲಿ ರಹೀಮ್ ಅವರ ಪುತ್ರ ಸೈಯದ್ ಶಾಹಿದ್ ಹಕೀಮ್ ಕೂಡ ಒಬ್ಬರು. ಭಾರತ ಮೂರು ಪಂದ್ಯ ಆಡಿತು. ಫ್ರಾನ್ಸ್ ವಿರುದ್ಧ 1-1ರ ಸಮಬಲವನ್ನೂ ಸಾಧಿಸಿತು. ಆದರೆ ತರಬೇತುದಾರರ ಮಗನಿಗೆ ಒಂದು ಪಂದ್ಯದಲ್ಲೂ ಕಣಕ್ಕಿಳಿಯುವ ಅವಕಾಶ ದೊರೆಯಲಿಲ್ಲ.

ಜಕಾರ್ತಾ ಅವರ ಕೊನೆಯ ದೊಡ್ಡ ಹೋರಾಟ. 1962ರ ಹೊತ್ತಿಗೆ ಧೂಮಪಾನದ ಚಟವಿದ್ದ ರಹೀಮ್ ಅವರ ಆರೋಗ್ಯ ಕುಸಿಯುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2ರ ಸೋಲು. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳನ್ನು ಹೊರಗಿಟ್ಟ ವಿವಾದದಲ್ಲಿ ಭಾರತದ ನಿಲುವಿನ ಮೇಲೆ ಸಿಟ್ಟಾಗಿದ್ದ ಸ್ಥಳೀಯರು ಭಾರತೀಯರನ್ನು ಕಂಡರೆ ಕೂಗಾಡುತ್ತಿದ್ದರು. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮ್ ಅವರನ್ನು ಕೈಬಿಡಲಿಲ್ಲ, ಮುಂಪಡೆಗೆ ತಂದು ನಿಲ್ಲಿಸಿದರು. ಹುಚ್ಚು ಸಾಹಸದಂತೆ ತೋರಿದ ಈ ನಿರ್ಧಾರ ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಫಲ ಕೊಟ್ಟಿತು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಇನ್ನೊಂದು ಗೋಲು ಹೊಡೆದರು. ಅದೇ ಕೊರಿಯಾವನ್ನು 2-1ರಿಂದ ಸೋಲಿಸಿದ ಭಾರತಕ್ಕೆ ಎರಡನೇ ಚಿನ್ನ.

ಒಂಬತ್ತೇ ತಿಂಗಳಲ್ಲಿ, 1963ರ ಜೂನ್ 11ರಂದು, ಶ್ವಾಸಕೋಶದ ಕ್ಯಾನ್ಸರ್ ರಹೀಮ್ ಅವರನ್ನು ಬಲಿ ತೆಗೆದುಕೊಂಡಿತು. ಆಗ ಅವರಿಗೆ 53 ವರ್ಷ. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಒಲಿದಿಲ್ಲ. 1970ರ ಕಂಚೇ ಕೊನೆಯ ಪದಕ. ಎರಡು ಚಿನ್ನ ತಂದುಕೊಟ್ಟ ತರಬೇತುದಾರನಿಗೆ ಪದ್ಮ ಪ್ರಶಸ್ತಿಯೂ ಬರಲಿಲ್ಲ. ಹೊಸ ಪೀಳಿಗೆಗೆ ಅವರ ಹೆಸರು ಪರಿಚಯವಾಗಲು 2024ರ ಹಿಂದಿ ಚಿತ್ರ ಮೈದಾನ್ ಬರಬೇಕಾಯಿತು.

ಪುತ್ರ ಹಕೀಮ್ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿ, ಅಂತರರಾಷ್ಟ್ರೀಯ ರೆಫರಿಯಾಗಿ ಸೇವೆ ಸಲ್ಲಿಸಿ 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. ತಂದೆಯ ಮೇಲಿನ ಚಿತ್ರ ತೆರೆಕಾಣುವ ಮೊದಲೇ, 2021ರ ಆಗಸ್ಟ್‌ನಲ್ಲಿ, ಹಿಂದೆ ಅದೇ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಅವರು ಕೊನೆಯುಸಿರೆಳೆದರು.